ಕಲ್ಲಿನ ಸಹನೆ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಕೆರೆಯ ಕೆಲಸವನ್ನು ಹೇಳುವ ಪ್ರಾಕೃತ ಶಾಸನವೊಂದಿದೆ. ಬಂಡೆ ಸವೆದು ಅಕ್ಷರಗಳು ಮಾಸಿವೆ. 1929ರ ಸುಮಾರಿಗೆ ಡಾ. ಎಂ. ಎಚ್. ಕೃಷ್ಣರು ಓದಿದ ಪಾಠವನ್ನು ಅನಂತರದ ವಿದ್ವಾಂಸರೆಲ್ಲರೂ ಒಪ್ಪಲಿಲ್ಲ. ಆದರೇನು, ಸಂದೇಹವುಳ್ಳವರು ಮತ್ತೆ ಬಂಡೆಯ ಬಳಿಗೇ ಹೋಗಬಹುದು. ಎಷ್ಟು ಬಾರಿ ಓದಿದರೂ ಕಲ್ಲಿಗೆ ನೋವಿಲ್ಲ.

ಗಣಕಯಂತ್ರದೊಳಗೆ ತಿರುಗುವ ಹಾರ್ಡ್ ಡಿಸ್ಕಿಗೆ ಈ ಸಹನೆಯಿಲ್ಲ. ಅಳಿಸಿದ ಕಡತವೇನೋ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ, ಹೋಗುವುದು ಅದರ ವಿಳಾಸ; ಮೇಲೆ ಹೊಸದನ್ನು ಬರೆಯದಿದ್ದರೆ ಮರಳಿ ಪಡೆಯಬಹುದು. ‘ಟಿಕ್ ಟಿಕ್’ ಸದ್ದು ಕೇಳಿತೆಂದರೆ ಮಾತ್ರ ಸಂಗತಿ ಬೇರೆ. ತಟ್ಟೆಯನ್ನು ಮುಟ್ಟದೆ ತೇಲಬೇಕಾದ ಓದುಮೊನೆ ಅದನ್ನು ಕೆರೆಯುತ್ತಿರಬಹುದು. ಇನ್ನೊಮ್ಮೆ ಚಾಲೂ ಮಾಡಿ ನೋಡೋಣವೆಂಬ ಆಸೆಯೇ ಮಗಳ ಮದುವೆಯ ಚಿತ್ರಗಳನ್ನು ನುಂಗೀತು! ಒಡನೆ ವಿದ್ಯುತ್ತನ್ನು ನಿಲ್ಲಿಸಬೇಕು. ದುರ್ಗದ ಧೂಳಿನಲ್ಲಿ ಪೆಟ್ಟಿಗೆಯನ್ನು ಬಿಚ್ಚಲಾಗದು, ಧೂಳಿಲ್ಲದ ಕೋಣೆಯುಳ್ಳ ಪರಿಣತರಿಗೆ ಒಪ್ಪಿಸಬೇಕು. ಕಾಂತಲೇಪ ಕೆರೆದುಹೋದ ಮೇಲೆ ಅವರಿಗೂ ಓದಲು ಏನೂ ಉಳಿದಿರುವುದಿಲ್ಲ.