ಮನವಿ ಪತ್ರ: ಕ್ರಯಪತ್ರದಲ್ಲಿ ಬಂಡಿದಾರಿಯೂ ನಮೂದಾಗಲಿ

ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಕಂದಾಯ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು ಇವರಿಗೆ
(ಮಾನ್ಯ ತಹಶೀಲ್ದಾರರ ಮೂಲಕ)

ವಿಷಯ: ಖಾಸಗಿ ಜಮೀನುಗಳಲ್ಲಿ ಹಾದುಹೋಗುವ ಬಂಡಿದಾರಿ, ಕಾಲುದಾರಿಗಳನ್ನು ಮಾರಾಟಕ್ಕೆ ಮುನ್ನ ದಾಖಲಿಸುವ ಬಗ್ಗೆ.

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ರೈತರಾದ ನಾವು ಅರಿಕೆ ಮಾಡಿಕೊಳ್ಳುವುದೇನೆಂದರೆ, 2020ರ ತಿದ್ದುಪಡಿಯಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾದ ಮೇಲೆ ಬೇಸಾಯಗಾರರಲ್ಲದವರೂ ಕೃಷಿ ಜಮೀನು ಕೊಳ್ಳುತ್ತಿದ್ದಾರೆ. ಕೊಂಡ ಕೂಡಲೇ ಬೇಲಿ ಏಳುತ್ತದೆ. ನಮ್ಮೂರ ಕೆರೆಯ ಹಿಂದಿನ ಹೊಲಗಳಿಗೆ ಅಜ್ಜಂದಿರ ಕಾಲದಿಂದ ಇದ್ದ ಬಂಡಿದಾರಿಗೆ ಈಗ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಗೇಟಿಗೆ ಬೀಗ ಹಾಕಲಾಗಿದೆ. ಗಾಡಿಯ ಜಾಡು ಗೇಟಿನ ಎರಡೂ ಕಡೆ ಇನ್ನೂ ಅಳಿಸಿಲ್ಲ. ಟ್ರ್ಯಾಕ್ಟರ್ ಒಳಗೆ ಹೋಗದ ಕಾರಣ ಕೊಯ್ದ ರಾಗಿಯನ್ನು ಹೆಂಗಸರು ಬದುವಿನ ಮೇಲೆ ತಲೆಹೊರೆಯಾಗಿ ತರುತ್ತಿದ್ದಾರೆ.

ಕೊಂಡವರನ್ನಷ್ಟೇ ದೂರುವುದು ನ್ಯಾಯವಲ್ಲ. ಅವರು ಪಹಣಿ ನೋಡಿದ್ದಾರೆ, ಋಣಭಾರ ಪ್ರಮಾಣಪತ್ರ ತೆಗೆಸಿದ್ದಾರೆ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ರೂಢಿಯಿಂದ ಬಂದ ದಾರಿ ಬರುವುದಿಲ್ಲ. ಆದರೆ 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಪ್ರಕಾರ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ಬಳಸಿದ ದಾರಿಗೆ ಕಾನೂನಿನ ಬಲವಿದೆ. ಸಾರ್ವಜನಿಕ ದಾರಿಗಳಂತೂ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಸರ್ಕಾರದ ಸ್ವತ್ತು. ಇಷ್ಟಿದ್ದೂ ಹಕ್ಕು ಸಾಬೀತಿಗೆ ಸಣ್ಣ ಹಿಡುವಳಿದಾರ ಸಿವಿಲ್ ಕೋರ್ಟಿಗೆ ಅಲೆಯಬೇಕಾಗಿದೆ. ತೀರ್ಪು ಬರುವವರೆಗೆ ಬೆಳೆ ಕಾಯುವುದಿಲ್ಲ.

ಆದ್ದರಿಂದ ಗ್ರಾಮ ಆಡಳಿತ ಅಧಿಕಾರಿ ಮತ್ತು ಭೂಮಾಪಕರು ಸ್ಥಳ ಮಹಜರು ನಡೆಸಿ, ಜಮೀನುದಾರರ ತಕರಾರನ್ನೂ ಆಲಿಸಿ, ಇಂಥ ದಾರಿಗಳನ್ನು ಪಹಣಿಯ 11ನೇ ಕಾಲಂನಲ್ಲಿ ಇತರೆ ಹಕ್ಕು ಎಂದು ನಮೂದಿಸಬೇಕು. ಇದೇ ನಮ್ಮ ಮುಖ್ಯ ಬೇಡಿಕೆ. ಇದೊಂದಾದರೆ ಅರ್ಧ ವ್ಯಾಜ್ಯ ಹುಟ್ಟುವುದೇ ಇಲ್ಲ.

11ಇ ನಕ್ಷೆಯಲ್ಲಿ ದಾರಿ ಗುರುತಿಸದೆ ಕ್ರಯ ನೋಂದಣಿ ಆಗಬಾರದು. ಕ್ರಯಪತ್ರದಲ್ಲಿ ಚೆಕ್ಕುಬಂದಿಯ ಜೊತೆಗೆ ದಾರಿಯ ದಿಕ್ಕು, ಅಗಲ ಬರೆಸಬೇಕು. ಕೊಳ್ಳುವವರ ಕಣ್ಣಿಗೆ ಸುಲಭವಾಗಿ ಬೀಳದ ದೋಷವನ್ನು ಮಾರುವವರು ತಿಳಿಸಲೇಬೇಕೆಂದು ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ. ದಾರಿಯ ವಿಚಾರದಲ್ಲಿ ಉಪನೋಂದಣಾಧಿಕಾರಿಗಳು ಮಾರುವವರಿಂದ ಲಿಖಿತ ಘೋಷಣೆ ಪಡೆಯುವಂತಾಗಬೇಕು. ಗ್ರಾಮ ನಕಾಶೆಯಲ್ಲಿರುವ ದಾರಿ ಮುಚ್ಚಿದರೆ, ದೂರು ಬಂದ 15 ದಿನದೊಳಗೆ ತಹಶೀಲ್ದಾರರು ತೆರವು ಮಾಡಿಸಬೇಕು.

ದಾರಿಯ ಅಗಲ ಮೀರದಂತೆ, ಜಮೀನುದಾರರ ಬೆಳೆ ತುಳಿಯದಂತೆ ನಡೆದುಕೊಳ್ಳಲು ನಾವೂ ಬದ್ಧರು. ಕಟಾವು ಶುರುವಾಗಿರುವುದರಿಂದ ಸ್ಥಳ ಪರಿಶೀಲನೆಗೆ ಕೂಡಲೇ ದಿನ ಗೊತ್ತುಮಾಡಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗ್ರಾಮದ ರೈತರು