ದವಡೆಯ ಕೀಲು: ತಟ್ಟೆಯಿಂದ ದ್ರವದ ಕಡೆಗೆ

ಕಿವಿಯ ಮುಂದೆಯೇ ಇರುವ ದವಡೆಯ ಕೀಲು ನೊಂದಾಗ ವೈದ್ಯರು ಬಹುಕಾಲ ಹುಡುಕಿದ್ದು ಜೋಡಣೆಯ ತಪ್ಪನ್ನು. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ-ಗಂಟಲು ತಜ್ಞ ಜೇಮ್ಸ್ ಕಾಸ್ಟೆನ್ ಹಿಂದಿನ ಹಲ್ಲುಗಳು ಹೋಗಿ ದವಡೆ ಕುಸಿದದ್ದರ ಕಡೆಗೆ ಬೆರಳು ತೋರಿಸಿದರು. ಆಮೇಲೆ ಮೂಳೆಗಳ ನಡುವಿನ ತಟ್ಟೆ ಜಾರಿದೆ ಎಂಬ ವಿವರಣೆ ಬಂತು. ಆದರೆ ಎಂಆರ್‌ಐ ತೆಗೆದಾಗ ನೋವೇ ಇಲ್ಲದ ಸುಮಾರು ಮೂರನೇ ಒಂದು ಪಾಲು ಜನರಲ್ಲೂ ತಟ್ಟೆ ಜಾರಿರುವುದು ಕಂಡಿತು! 1991ರಲ್ಲಿ ಇಸ್ರೇಲಿನ ಡೊರಿಟ್ ನಿಟ್ಜಾನ್ ಮತ್ತು ಸಂಗಡಿಗರು, ಬಿಗಿದುಕೊಂಡ ಕೀಲಿನಲ್ಲಿ ತಟ್ಟೆಯ ಮೇಲಿರುವ ಅರೆಯನ್ನು ಸೂಜಿಗಳ ಮೂಲಕ ತೊಳೆದರೆ ಬಾಯಿ ತೆರೆಯುತ್ತದೆಂದು ವರದಿ ಮಾಡಿದರು. ಜಾರಿದ ತಟ್ಟೆ ಸಾಮಾನ್ಯವಾಗಿ ಜಾರಿದಲ್ಲೇ ಉಳಿದಿರುತ್ತದೆ. ಆದರೂ ರೋಗಿಗೆ ಹಗುರ. ಹಾಗಾದರೆ ನೋಡಬೇಕಾದದ್ದು ತಟ್ಟೆಯ ಸ್ಥಾನಕ್ಕಿಂತ ಅದು ಮುಳುಗಿರುವ ದ್ರವವನ್ನು ಎಂಬುದು ನನ್ನ ವಾದ.

ಆರೋಗ್ಯವಾಗಿರುವ ಕೀಲಿನಲ್ಲಿ ಲ್ಯೂಬ್ರಿಸಿನ್ ಎಂಬ ಪ್ರೋಟೀನು ಮೇಲ್ಮೈಗಳನ್ನು ನಯವಾಗಿಡುತ್ತದೆ. ಉರಿಯೂತ ಹತ್ತಿದಾಗ ದ್ರವದಲ್ಲಿ ಇಂಟರ್‌ಲ್ಯೂಕಿನ್-6ರಂಥ ಸಂದೇಶವಾಹಕಗಳು ಏರುತ್ತವೆ. ಅವುಗಳ ಬೆನ್ನಿಗೇ ಮೃದ್ವಸ್ಥಿಯನ್ನು ಕಟ್ಟಿರುವ ಕೊಲಾಜನ್ ಮತ್ತು ಅಗ್ರಿಕಾನ್‌ಗಳನ್ನು ಕತ್ತರಿಸುವ ಕಿಣ್ವಗಳು ಬರುತ್ತವೆ. ಇದೆಲ್ಲ ಮೊಣಕಾಲಿನಲ್ಲೂ ಆಗುವುದೇ. ಆದರೆ ಮೊಣಕಾಲಿನ ಮೃದ್ವಸ್ಥಿಯಲ್ಲಿ ಎರಡನೇ ಬಗೆಯ ಕೊಲಾಜನ್ ಪ್ರಧಾನವಾದರೆ, ದವಡೆಯ ಕೀಲನ್ನು ಹೊದಿಸಿರುವ ನಾರುಮಯ ಪದರದಲ್ಲಿ ಮೊದಲನೇ ಬಗೆಯದ್ದೇ ಹೆಚ್ಚು. ಅಲ್ಲಿನ ತೀರ್ಮಾನವನ್ನು ಇಲ್ಲಿಗೆ ಎತ್ತಿ ತರುವಂತಿಲ್ಲ.

ತೊಳೆದಾಗ ಗುಣವಾಗುವುದು ಉರಿಯೂತದ ಪ್ರೋಟೀನುಗಳು ಹೋದದ್ದರಿಂದಲ್ಲ, ತಟ್ಟೆಯನ್ನು ಹಿಡಿದ ಹೀರುಬಿಗಿ ಸಡಿಲವಾದದ್ದರಿಂದ ಎನ್ನುವವರಿದ್ದಾರೆ. ಇರಬಹುದು, ಆದರೆ ಹಿಡಿತ ಬಿದ್ದದ್ದೇಕೆ ಎಂದು ಕೇಳಿದರೆ ಮತ್ತೆ ನಯ ಕೆಟ್ಟ ದ್ರವದ ಬಳಿಗೇ ಬರುತ್ತೇವೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅಳತೆಯದು. ಮೇಲಿನ ಅರೆಗೆ ಹಿಡಿಸುವುದೇ ಸುಮಾರು ಒಂದು ಮಿಲಿಲೀಟರ್. ಅಲ್ಲಿನ ದ್ರವ ಅದಕ್ಕಿಂತಲೂ ಕಡಿಮೆ. ಹಾಗಾಗಿ ಲವಣಜಲ ತುಂಬಿಸಿ ಹೊರಗೆಳೆಯಬೇಕು, ಆಗ ಮಾದರಿ ಎಷ್ಟು ತೆಳುವಾಯಿತೆಂಬುದೇ ಲೆಕ್ಕ ತಪ್ಪಿಸುತ್ತದೆ. ಸ್ವೀಡನ್ನಿನ ಸಂಶೋಧಕರು ಲವಣಜಲಕ್ಕೆ ಬಿ12 ವಿಟಮಿನ್ ಬೆರೆಸಿ, ಅದರ ಬಣ್ಣ ಎಷ್ಟು ತಗ್ಗಿತೆಂದು ನೋಡಿ ಈ ಗಂಟನ್ನು ಬಿಡಿಸಿದರು. ಆದರೂ ನೋವಿಲ್ಲದವರ ಕೀಲಿಗೆ ಸೂಜಿ ಚುಚ್ಚುವುದು ಸುಲಭವಲ್ಲವಾದ್ದರಿಂದ ಹೋಲಿಕೆಗೆ ಆರೋಗ್ಯವಂತರ ಮಾದರಿ ವಿರಳ. ಮೇಲಾಗಿ, ಊದಿದ ಒಳಪೊರೆಯಿಂದ ರಕ್ತದ ಪ್ರೋಟೀನುಗಳೂ ಸೋರಿ ದ್ರವಕ್ಕೆ ಸೇರುತ್ತವೆ. ಸವೆದ ಅಂಗಾಂಶದ ಚೂರು ಯಾವುದು, ಹೊರಗಿಂದ ಬಂದದ್ದು ಯಾವುದು ಎಂದು ದ್ರವವೊಂದರಿಂದಲೇ ಬೇರ್ಪಡಿಸಲಾಗದು. ಹೀಗಾಗಿ ದ್ರವದ ಪ್ರೋಟೀನು ಅಳೆಯುವುದನ್ನು ಈಗಲೇ ರೋಗಪತ್ತೆಯ ಪರೀಕ್ಷೆಯಾಗಿ ಮಾರುವುದು ಅವಸರ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶವನ್ನೂ ಅದೇ ರೋಗಿಯ ಅದೇ ಕೀಲಿನ ದ್ರವವನ್ನೂ ಒಟ್ಟಿಗಿಟ್ಟು ಓದುವ ಕೆಲಸ ಮೊದಲು ಆಗಲಿ.