ಮಲಗುವ ಕೋಣೆಯ ಮೌನ, ಸಭಾಂಗಣದ ಮೌನ

2012ರ ಜನವರಿ 10ರ ರಾತ್ರಿ. ನ್ಯೂಯಾರ್ಕಿನ ಏವರಿ ಫಿಶರ್ ಹಾಲ್‌ನಲ್ಲಿ ಮಾಲರ್‌ನ ಒಂಬತ್ತನೇ ಸಿಂಫನಿ ಕೊನೆಯ ಘಟ್ಟಕ್ಕೆ ಬಂದಿತ್ತು. ನಾದ ಎಲ್ಲಿ ಮುಗಿಯಿತು, ನಿಶ್ಶಬ್ದ ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಕರಗಿಹೋಗುವ ಕೃತಿ ಅದು. ಆ ಹೊತ್ತಿಗೇ ಮುಂದಿನ ಸಾಲಿನಲ್ಲಿ ಐಫೋನೊಂದು ಕೂಗತೊಡಗಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಿರ್ವಾಹಕ ಅಲನ್ ಗಿಲ್ಬರ್ಟ್ ಕೈ ಇಳಿಸಿ ಇಡೀ ವಾದ್ಯವೃಂದವನ್ನೇ ನಿಲ್ಲಿಸಿದರು. ಸಾವಿರ ಡಾಲರ್ ದಂಡ ಹಾಕಿ ಎಂದು ಸಭೆಯಿಂದ ಕೂಗು ಎದ್ದಿತು.

ಆಮೇಲೆ ಗೊತ್ತಾದ ಸಂಗತಿ ಬೇರೆಯೇ. ಆ ಫೋನಿನ ಒಡೆಯರು ಬಹುಕಾಲದ ಸಂಗೀತಾಸಕ್ತರಾದ ಒಬ್ಬ ಹಿರಿಯರು. ಹಿಂದಿನ ದಿನವಷ್ಟೇ ಅವರ ಆಫೀಸಿನಲ್ಲಿ ಹಳೆಯ ಬ್ಲ್ಯಾಕ್‌ಬೆರಿ ವಾಪಸು ಪಡೆದು ಹೊಸ ಐಫೋನ್ ಕೊಟ್ಟಿದ್ದರು. ಅದನ್ನು ಸೈಲೆಂಟ್ ಮಾಡಿಯೇ ಅವರು ಕೂತಿದ್ದರು. ಕೂಗಿದ್ದು ಕರೆಯಲ್ಲ, ಅಲಾರಂ. ಅಂಥದೊಂದು ಇದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಎರಡು ದಿನ ಅವರು ನಿದ್ದೆ ಮಾಡಲಿಲ್ಲ.

ನಮ್ಮ ನಾಟಕ, ಕಛೇರಿ, ಶ್ರದ್ಧಾಂಜಲಿ ಸಭೆಗಳಲ್ಲಿ ಫೋನ್ ಕೂಗಿದಾಗಲೆಲ್ಲ ನನಗೆ ಆ ಮನುಷ್ಯ ನೆನಪಾಗುತ್ತಾರೆ. ಫೋನ್ ಕೂಗಿಸಿದವರನ್ನು ಅಸಭ್ಯರೆಂದು ದುರುಗುಟ್ಟಿ ನೋಡುತ್ತೇವೆ. ಅವರಲ್ಲಿ ಎಷ್ಟೋ ಜನ ಸೈಲೆಂಟ್ ಮಾಡಿದ್ದೇವೆಂದು ನಂಬಿಯೇ ಕೂತಿರುತ್ತಾರೆ. ನಂಬಿಕೆಗೆ ಮೋಸ ಮಾಡಿದ್ದು ಯಂತ್ರ.

ಸೈಲೆಂಟ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಅಗತ್ಯಗಳನ್ನು ತುರುಕಿರುವುದೇ ಈ ತೊಡಕಿನ ಬೇರು. ರಾತ್ರಿ ಮಲಗುವಾಗ ನಮಗೆ ಬೇಕಾದ ಮೌನದಲ್ಲಿ ಕರೆ, ಮೆಸೇಜು ಸುಮ್ಮನಿರಬೇಕು, ಬೆಳಗಿನ ಅಲಾರಂ ಮಾತ್ರ ಹೊಡೆಯಲೇಬೇಕು. ಆರು ಗಂಟೆಯ ರೈಲು ಹಿಡಿಯಬೇಕಾದವನಿಗೆ ಈ ಏರ್ಪಾಡು ವರವೇ. ನ್ಯೂಯಾರ್ಕಿನ ಘಟನೆಯ ನಂತರ, ಸೈಲೆಂಟ್‌ನಲ್ಲೂ ಅಲಾರಂ ಹೊಡೆಯುವ ಆ ವಿನ್ಯಾಸವನ್ನು ಸಮರ್ಥಿಸಿಕೊಂಡವರ ವಾದವೂ ಇದೇ ಆಗಿತ್ತು, ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಸಭಾಂಗಣದ ಮೌನಕ್ಕೆ ವಿನಾಯಿತಿ ಇಲ್ಲ. ಅಲ್ಲಿ ಸಂಜೆಯ ಬಿ.ಪಿ. ಮಾತ್ರೆ ನೆನಪಿಸುವ ಅಲಾರಮ್ಮೂ ಕೂಗಬಾರದು. ಎರಡಕ್ಕೂ ಒಂದೇ ಗುಂಡಿ ಕೊಟ್ಟು, ವ್ಯತ್ಯಾಸವನ್ನು ಬಳಸುವವರೇ ಊಹಿಸಿಕೊಳ್ಳಲಿ ಎಂದು ಬಿಟ್ಟರೆ ಹೇಗೆ?

ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ ಗೋಜಲು ಇನ್ನೂ ಹೆಚ್ಚು. ಕರೆಯ ಸದ್ದಿಗೊಂದು ಅಳತೆ, ವಿಡಿಯೊಗೊಂದು, ಅಲಾರಂಗೊಂದು. ರಿಂಗ್ ಅಡಗಿಸಿ ನಿಶ್ಚಿಂತರಾದವರು ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊ ಮೇಲೆ ಬೆರಳಿಟ್ಟರೆ ಸದ್ದು ಹೊರಟೇ ಬಿಡುತ್ತದೆ. ಎಲ್ಲವನ್ನೂ ಅಡಗಿಸುವ ದಾರಿ ಇದೆ ನಿಜ. ‘ಅಡಚಣೆ ಮಾಡಬೇಡಿ’ ಎಂಬ ವಿಭಾಗದೊಳಗೆ ಹೋಗಿ, ಅಲಾರಂ ಮತ್ತು ಮಾಧ್ಯಮದ ವಿನಾಯಿತಿಗಳನ್ನು ಒಂದೊಂದಾಗಿ ತೆಗೆಯಬೇಕು. ದೀಪ ಆರುವ ಹೊತ್ತಿನಲ್ಲಿ, ಕನ್ನಡಕ ಹುಡುಕುತ್ತಾ, ಎಪ್ಪತ್ತು ವರ್ಷದವರೊಬ್ಬರು ಇಷ್ಟನ್ನೂ ಮಾಡಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ವೈಬ್ರೇಷನ್ ಕೂಡ ಮೌನವಲ್ಲ. ಫೋನಿನೊಳಗಿನ ಪುಟ್ಟ ಮೋಟಾರಿನ ಅದುರು ಸಾಮಾನ್ಯವಾಗಿ 150ರಿಂದ 200 ಹರ್ಟ್ಸ್ ಆಸುಪಾಸಿನದು. ನಮ್ಮ ಎಷ್ಟೋ ಗಾಯಕಿಯರ ಷಡ್ಜ ನಿಲ್ಲುವುದೂ ಅದೇ ಸುಮಾರಿನಲ್ಲಿ. ಜೇಬಿನಲ್ಲಿದ್ದರೆ ಬಟ್ಟೆ ಅದನ್ನು ನುಂಗೀತು. ಮರದ ಬೆಂಚಿನ ಮೇಲೋ ಕುರ್ಚಿಯ ಕೈ ಮೇಲೋ ಇಟ್ಟರೆ ಆ ಮರವೇ ಅದಕ್ಕೆ ಬುರುಡೆಯಾಗುತ್ತದೆ. ವೀಣೆಯ ಮೀಟು ಕ್ಷೀಣಿಸುತ್ತಾ ಹೋಗುವಾಗ ಪಕ್ಕದಲ್ಲೇ ಶ್ರುತಿ ಸೇರದ ಇನ್ನೊಂದು ತಂಬೂರಿ ಮಿಡಿದಂತೆ.

ದಂಡ, ನಿಷೇಧ, ಜಾಮರ್: ಸಿಟ್ಟಿನಲ್ಲಿ ಮೊದಲು ಹೊಳೆಯುವುದು ಇವೇ. ನ್ಯೂಯಾರ್ಕ್ ನಗರದಲ್ಲಿ ಪ್ರದರ್ಶನದ ವೇಳೆ ಫೋನ್ ಸದ್ದು ಮಾಡಿದರೆ 50 ಡಾಲರ್ ದಂಡ ಎಂಬ ಕಾನೂನು 2003ರಲ್ಲೇ ಬಂದಿತ್ತು. ಮಾಲರ್‌ನ ಸಂಗೀತವನ್ನು ಅದು ಉಳಿಸಲಿಲ್ಲ. ಜಾಮರ್ ಬಳಸಬೇಕೆಂದರೆ ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಬೇಕು, ಅದು ಸರಿಯೂ ಹೌದು. ಸಭಿಕರ ನಡುವೆ ಹೆರಿಗೆ ಡ್ಯೂಟಿಯ ವೈದ್ಯೆ ಇರಬಹುದು. ಯಾರಿಗಾದರೂ ಎದೆ ಹಿಡಿದುಕೊಂಡರೆ 112ಕ್ಕೆ ಕರೆ ಹೋಗಬೇಕು. ಅದೆಲ್ಲ ಒತ್ತಟ್ಟಿಗಿರಲಿ, ಅಲಾರಂ ಹೊಡೆಯಲು ಟವರ್ ಬೇಕೇ ಇಲ್ಲ. ಗೋಡೆ ತುಂಬ ಜಾಮರ್ ಇಟ್ಟಿದ್ದರೂ ಆ ರಾತ್ರಿಯ ಅಲಾರಂ ಕೂಗಿಯೇ ಕೂಗುತ್ತಿತ್ತು.

ಇನ್ನೊಂದು ವರ್ಗವಿದೆ. ಇವರು ಮರೆತು ಅಲ್ಲ, ಹೆದರಿ ಫೋನ್ ಬಂದ್ ಮಾಡದವರು. ಊರಲ್ಲಿ ಒಂಟಿಯಾಗಿರುವ ಅಮ್ಮ, ಐಸಿಯುನಲ್ಲಿರುವ ಅಣ್ಣ. ಸೈಲೆಂಟ್ ಮಾಡಿ ಮತ್ತೆ ತೆಗೆಯಲು ಮರೆತರೆ ರಾತ್ರಿಯ ಕರೆ ತಪ್ಪಿಹೋದೀತೆಂಬ ಅಳುಕು. ಈ ಅಳುಕನ್ನು ನಾನು ತಪ್ಪೆನ್ನಲಾರೆ. ಹಳೆಯ ನೋಕಿಯಾ ಫೋನುಗಳು ಅದಕ್ಕೆ ಉತ್ತರ ಕಂಡುಕೊಂಡಿದ್ದವು. ಪ್ರೊಫೈಲ್‌ಗೆ ಹೋಗಿ ಸೈಲೆಂಟ್ ಎಷ್ಟು ಗಂಟೆಯವರೆಗೆ ಎಂದು ಹೇಳಿದರೆ ಸಾಕು, ಹೊತ್ತು ಮುಗಿದ ಮೇಲೆ ಫೋನ್ ತಾನೇ ಮಾಮೂಲಿಗೆ ಮರಳುತ್ತಿತ್ತು. ಇವತ್ತಿಗೂ ಕೆಲವು ಕೀಪ್ಯಾಡ್ ಫೋನುಗಳಲ್ಲಿ ಹ್ಯಾಷ್ ಗುಂಡಿಯನ್ನು ಒತ್ತಿ ಹಿಡಿದರೆ ಸೈಲೆಂಟ್ ಆಗುತ್ತದೆ. ಪರದೆ ನೋಡಲೇಬೇಕಿಲ್ಲ, ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ. ಎಷ್ಟೋ ಪಟ್ಟು ದುಬಾರಿಯ ಬಹುಪಾಲು ಸ್ಮಾರ್ಟ್‌ಫೋನುಗಳಲ್ಲಿ ಅಂಥ ಸಲೀಸು ಇಲ್ಲ.

ಬೇಕಿರುವುದು ದೊಡ್ಡ ಸಂಶೋಧನೆಯಲ್ಲ. ಸದ್ದು ತಗ್ಗಿಸುವ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಕರೆ, ವಿಡಿಯೊ, ಅಲಾರಂ, ಅದುರು ಎಲ್ಲವೂ ಎರಡು ಗಂಟೆ ಅಡಗಬೇಕು. ಆಮೇಲೆ ಫೋನ್ ತಾನಾಗಿ ಮರಳಬೇಕು. ಮನೆಯವರ ಒಂದೆರಡು ನಂಬರಿನಿಂದ ಮತ್ತೆ ಮತ್ತೆ ಕರೆ ಬಂದರೆ ಒಮ್ಮೆ ಮಾತ್ರ ಮೆಲ್ಲಗೆ ಅದುರಬಹುದು. ಹದಿನೈದು ನಿಮಿಷದೊಳಗೆ ಎರಡನೇ ಬಾರಿ ಕರೆದವರನ್ನು ಗುರುತಿಸುವ ಜಾಣತನ ಆಂಡ್ರಾಯ್ಡ್‌ಗೆ ಈಗಾಗಲೇ ಇದೆ. ಸಭಾಂಗಣಗಳೂ ಒಂದು ಕೆಲಸ ಮಾಡಬಹುದು. ‘ದಯವಿಟ್ಟು ಮೊಬೈಲ್ ಸೈಲೆಂಟ್‌ನಲ್ಲಿಡಿ’ ಎಂದು ಹೇಳಿದ ಬೆನ್ನಿಗೇ ದೀಪ ಆರಿಸುವ ಬದಲು, ‘ಅಲಾರಂ ಇದ್ದರೆ ತೆಗೆಯಿರಿ, ಸಾಧ್ಯವಾದರೆ ಫೋನನ್ನೇ ಆಫ್ ಮಾಡಿ’ ಎಂದು ಬಿಡಿಸಿ ಹೇಳಿ, ಬೆಳಕಿನಲ್ಲಿ ಒಂದು ನಿಮಿಷ ಕೊಡಬೇಕು.

ಕಂಪನಿಗಳು ತಾವಾಗಿ ಮಾಡುತ್ತವೆಂದು ಕಾಯುತ್ತಾ ಕೂರಬೇಕಾಗಿಯೂ ಇಲ್ಲ. ಮಹಿಳೆಯರ ಸುರಕ್ಷತೆಗಾಗಿ ಫೋನುಗಳಲ್ಲಿ ಪ್ಯಾನಿಕ್ ಬಟನ್ ಇರಲೇಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ರ ಗುಂಡಿ, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿ ಎಂದು ಯಾವ ಗುಂಡಿಯನ್ನು ಹೇಗೆ ಒತ್ತಬೇಕೆಂಬುದನ್ನೂ ಅದರಲ್ಲೇ ಹೇಳಿತ್ತು. ಕಂಪನಿಗಳು ಒಪ್ಪಿದವು, ಮಾಡಿದವು. ಸದ್ದು ತಗ್ಗಿಸುವ ಗುಂಡಿಗೂ ಅಂಥದೇ ಒಂದು ಸಾಲು ಬರೆಯಬಹುದು.